ನಿನ್ನೆ ಹಳೆ ಒಲೆ ಹಚ್ಚಿದಿರಾ?

ಕನ್ನಡದಿಂದ ಹೊಟ್ಟೆ ತುಂಬುವುದಿಲ್ಲ ಎಂದು ನಮ್ಮ ಅಪ್ಪ ಜೀವಮಾನವಿಡೀ ಹೇಳುತ್ತಿದ್ದರು. ಥಾಣೆಯ ನೌಪಾಡಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಹಿಂದಿ, ಮರಾಠಿ, ಗುಜರಾತಿಯಲ್ಲಿ ಗಿರಾಕಿಗಳನ್ನು ಸಂಭಾಳಿಸಿದ ಮನುಷ್ಯ. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಐವತ್ತು ದಾಟಿದ ಮೇಲೆ ನನಗೆ ಕೆಲಸ ಕೊಡಿಸಿದ್ದು ಕನ್ನಡವೇ. ಥಾಣೆಯಲ್ಲಿ ನಾನು ವರ್ಷಗಟ್ಟಲೆ ದುಡಿದ ಆಫೀಸು ಬಾಗಿಲು ಹಾಕಿತ್ತು. ಈ ವಯಸ್ಸಿನ ಹೆಂಗಸನ್ನು ಯಾರು ಕರೆಯುತ್ತಾರೆ ಎಂದು ನಾನು ಆಸೆ ಬಿಟ್ಟು ಕೂತಿದ್ದೆ. ಆಗ ನಮ್ಮ ಡೊಂಬಿವಲಿಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ, ಶುಭೋದಯದ ಗುಲಾಬಿಗಳ ನಡುವೆ, ಒಂದು ಸಂದೇಶ ಬಂತು. ನವಿ ಮುಂಬಯಿಯ ಕಚೇರಿಯೊಂದಕ್ಕೆ ಫೋನಿನಲ್ಲಿ ಸರಾಗವಾಗಿ ಕನ್ನಡ ಮಾತಾಡುವವರು ಬೇಕಾಗಿದ್ದರು. ಗುಂಪಿನ ಹಿರಿಯರಿಗೆ ರೈಲು ಹತ್ತುವ ಶಕ್ತಿ ಇರಲಿಲ್ಲ. ಅವರ ಮಕ್ಕಳಿಗೆ ಕನ್ನಡ ಕಿವಿಗೆ ಇಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ಡೊಂಬಿವಲಿಯಿಂದ ಥಾಣೆಯವರೆಗೆ ಒಂಟಿ ಕಾಲಿನ ಮೇಲೆ ನಿಂತು, ಅಲ್ಲಿ ಸೇತುವೆ ಹತ್ತಿ ಇಳಿದು, ವಾಶಿಯ ಕಡೆಗೆ ಹೋಗುವ ಇನ್ನೊಂದು ಗಾಡಿ ಹಿಡಿದು ಘಣಸೋಲಿಯಲ್ಲಿ ಇಳಿಯಬೇಕು. ಸ್ಟೇಷನ್ನಿನಿಂದ ಶೇರ್ ರಿಕ್ಷಾ. ಕಚೇರಿ ತಲುಪುವ ಹೊತ್ತಿಗೆ ಬೆವರಿನಲ್ಲಿ ಸೆರಗು ಹಿಂಡುವಂತಾಗಿರುತ್ತಿತ್ತು. ಒಳಗೆ ಹೋದರೆ ಏಸಿ ಎಷ್ಟು ತಣ್ಣಗೆಂದರೆ ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದರು. ಭೂಮಿಯ ಬಿಸಿ ಇಳಿಸುವ ಕೆಲಸ ಮಾಡುವ ಕಂಪನಿ ಅದು. ಮೊದಲ ದಿನ ಇದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ; ಎರಡನೆಯ ದಿನ ನಾನೂ ಶಾಲು ಒಯ್ದೆ.

ಕೆಲಸ ಇಷ್ಟು. ವಿಜಯಪುರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಮನೆಮನೆಗೆ ಹೊಸ ಬಗೆಯ ತಗಡಿನ ಒಲೆ ಹಂಚಿದ್ದರು. ಕಟ್ಟಿಗೆ ಕಡಿಮೆ ಬೇಕು, ಹೊಗೆ ಕಡಿಮೆ ಬರುತ್ತದೆ. ಒಲೆಯ ಖರ್ಚು ಕೊಟ್ಟವರು ದೂರದ ದೇಶದವರು. ಅಲ್ಲಿಯ ಜನ ವಿಮಾನದ ಟಿಕೆಟ್ ಕೊಳ್ಳುವಾಗ, ತಮ್ಮ ಪ್ರಯಾಣದ ಹೊಗೆಗೆ ಬದಲಾಗಿ ಬೇರೆಲ್ಲೋ ಅಷ್ಟು ಹೊಗೆ ಉಳಿಸಲಿ ಎಂದು ಇನ್ನಷ್ಟು ಹಣ ಸೇರಿಸಿ ಕೊಡುತ್ತಾರಂತೆ. ಆ ಬೇರೆಲ್ಲೋ ಎಂಬ ಜಾಗದಲ್ಲಿ ನಮ್ಮ ವಿಜಯಪುರದ ಹೆಂಗಸರು ಇದ್ದರು. ಅವರು ಹೊಸ ಒಲೆಯನ್ನು ನಿಜವಾಗಿ ಬಳಸುತ್ತಿದ್ದಾರೋ ಇಲ್ಲವೋ ಎಂದು ಫೋನ್ ಮಾಡಿ ಕೇಳಿ, ಪರದೆಯ ಮೇಲೆ ಹೌದು ಅಥವಾ ಇಲ್ಲ ಎಂದು ಒತ್ತುವುದು ನನ್ನ ಕೆಲಸ. ನನ್ನ ಆಚೀಚೆ ಒಡಿಯಾದವರು, ತೆಲುಗಿನವರು ತಮ್ಮ ತಮ್ಮ ಭಾಷೆಯಲ್ಲಿ ಇದನ್ನೇ ಕೇಳುತ್ತಿದ್ದರು.

ತರಬೇತಿಯಲ್ಲಿ ನಮಗೆ ಒಂದು ತಕ್ಕಡಿಯ ಚಿತ್ರ ತೋರಿಸಿದರು. ಒಂದು ತಟ್ಟೆಯಲ್ಲಿ ವಿಮಾನ, ಇನ್ನೊಂದರಲ್ಲಿ ತಲೆ ಮೇಲೆ ಸೆರಗು ಹೊದ್ದ ಹೆಂಗಸು. ಎರಡೂ ಸಮ. ನಮ್ಮ ಸೂಪರ್‌ವೈಸರ್ ಮಂಗಳೂರು ಕಡೆಯ ಮನೆಯ ಹುಡುಗ, ಹುಟ್ಟಿದ್ದು ಕಲ್ಯಾಣದಲ್ಲಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುತ್ತಿದ್ದ. ಹಾಗಾದರೆ ಆ ಕಡೆ ತಟ್ಟೆಯವರಿಗೆ ಯಾರು ಫೋನ್ ಮಾಡುತ್ತಾರೆ, ನಿನ್ನೆ ವಿಮಾನ ಹತ್ತಿದಿರಾ, ಹತ್ತಲೇಬೇಕಿತ್ತಾ ಎಂದು ಯಾರು ಕೇಳುತ್ತಾರೆ ಎಂದು ನಾನು ಅವನನ್ನು ಕೇಳಿದೆ. ಅವನು ನಕ್ಕ. "ಅರೆ ಮ್ಯಾಡಮ್, ವೋ ತೋ ಕ್ಲೈಂಟ್ ಹೈಂ" ಎಂದ. ನನಗೆ ಮೈಯೆಲ್ಲ ಉರಿಯಿತು. ಆದರೆ ತಿಂಗಳ ಸಂಬಳ ನನಗೆ ಬೇಕಿತ್ತು. ಶಾಲು ಹೊದ್ದು ಕೂತೆ.

ಸಂಬಳಕ್ಕಿಂತ ಹೆಚ್ಚಾಗಿ, ಮನೆಯಿಂದ ಹೊರಗೆ ಬೀಳುವುದು ಬೇಕಿತ್ತು. ಇದನ್ನು ಸುಮ್ಮನೆ ಸುತ್ತಿಬಳಸಿ ಹೇಳುವುದೇಕೆ, ನಾನು ಒಂಟಿ. ಮದುವೆ ಆಗಲಿಲ್ಲ; ಅದರ ಕಾರಣಗಳನ್ನು ಈಗ ಕೇಳುವವರೂ ಉಳಿದಿಲ್ಲ. ಅಪ್ಪ ಮೊದಲೇ ಹೋಗಿದ್ದರು. ಕನ್ನಡ ನನಗೆ ಶಾಲೆಯಲ್ಲಿ ಬಂದದ್ದು, ಮನೆಮಾತು ತುಳು; ಅಮ್ಮ ಹೋದ ದಿನ ನಮ್ಮ ಮನೆಯಿಂದ ಅದೂ ಹೋಯಿತು. ನಾನು ಬಾಗಿಲು ತೆರೆದು ಚಪ್ಪಲಿ ಬಿಡುವ ಮೊದಲೇ ಅಮ್ಮ ಒಳಗಿನಿಂದ "ವಣಸ್ ಆಂಡಾ" ಎನ್ನುತ್ತಿದ್ದರು. ಸಂಜೆ ಏಳಕ್ಕೆ ಮನೆಗೆ ಬಂದವಳ ಊಟ ಎಲ್ಲಿ ಆಗಿರುತ್ತದೆ? ನಾನು ರೇಗುತ್ತಿದ್ದೆ. ಎದುರು ಬಾಗಿಲಿನ ಮರಾಠಿ ಕಾಕು ಕೂಡ ಮೆಟ್ಟಿಲಲ್ಲಿ ಸಿಕ್ಕರೆ "ಜೇವಣ್ ಝಾಲಂ ಕಾ" ಎಂದು ಕೇಳುತ್ತಿದ್ದರು. ಅವರ ಮಗ ಘೋಡಬಂದರ್ ರಸ್ತೆಯಲ್ಲಿ ದೊಡ್ಡ ಫ್ಲ್ಯಾಟ್ ತೆಗೆದುಕೊಂಡ, ಕಾಕುವನ್ನೂ ಕರೆದುಕೊಂಡು ಹೋದ. ಈಗ ಆ ಮನೆಯಲ್ಲಿ ಬಾಡಿಗೆಗೆ ಬರುವ ಹುಡುಗರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಅವರ ಮುಖ ನನಗೆ ಗೊತ್ತಿಲ್ಲ, ಅವರ ಚಪ್ಪಲಿಗಳು ಗೊತ್ತು.

ಒಬ್ಬಳಿಗಾಗಿ ಅಡುಗೆ ಮಾಡುವುದು ಯಾರಿಗೆ ಬೇಕು? ಮೊದಮೊದಲು ಗಂಜಿ ಬೇಯಿಸುತ್ತಿದ್ದೆ. ಆಮೇಲೆ ಅದೂ ಹೋಯಿತು. ಬೆಳಿಗ್ಗೆ ಸ್ಟೇಷನ್ನಿನ ಹತ್ತಿರ ಚಹಾ, ಮಧ್ಯಾಹ್ನ ಕ್ಯಾಂಟೀನು, ರಾತ್ರಿಗೆ ದಾರಿಯಲ್ಲಿ ಒಂದು ವಡಾಪಾವ್ ಅಥವಾ ಬ್ರೆಡ್ಡು. ಗ್ಯಾಸಿನ ಸಿಲಿಂಡರ್ ಮುಗಿಯುವುದೇ ಇಲ್ಲ. ಸಿಲಿಂಡರ್ ತರುವವನು ದಾರಿಯಲ್ಲಿ ಸಿಕ್ಕಾಗ, ಮೌಶಿ ಊರಿಗೆ ಹೋಗಿದ್ದಿರಾ ಎಂದು ವಿಚಾರಿಸಿದ. ಹೌದು ಎಂದೆ.

ಇಂಥವಳನ್ನು ಫೋನಿನ ಮುಂದೆ ಕೂರಿಸಿದರೆ ಏನಾಗುತ್ತದೆ? ನಿಯಮದ ಪ್ರಕಾರ ನಾನು ಕಂಪನಿಯ ಹೆಸರು ಹೇಳಿ ನೇರವಾಗಿ ಪ್ರಶ್ನೆಗೆ ಬರಬೇಕಿತ್ತು. ಹೊಸ ಒಲೆ ಚೆನ್ನಾಗಿದೆಯೇ, ದಿನವೂ ಬಳಸುತ್ತೀರಾ, ನಿನ್ನೆ ಹಳೆ ಒಲೆ ಹಚ್ಚಿದಿರಾ. ಆದರೆ ಒಬ್ಬರ ಮನೆಗೆ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳದೆ, ಒಲೆ ಹಚ್ಚಿದಿರಾ ಎಂದು ವಿಚಾರಣೆ ಮಾಡುವುದು ಹೇಗೆ? ಅದು ಪೊಲೀಸರು ಮಾಡುವ ಕೆಲಸ. ನನ್ನ ಬಾಯಿಯಿಂದ ತಾನಾಗಿ ಮೊದಲು ಊಟದ ಮಾತೇ ಬಂತು. ಆ ಕಡೆಯಿಂದ ತಡವಿಲ್ಲದೆ "ಆತ್ರಿ. ನಿಮ್ದಾತೇನ್ರಿ?" ಎಂದು ತಿರುಗಿ ಬಂತು. ಎಷ್ಟೋ ಕಾಲದ ಮೇಲೆ ಯಾರೋ ನನ್ನ ಊಟ ಕೇಳಿದ್ದರು. ನಾನು ಆಯ್ತು ಎಂದೆ. ಊಟ ಆಗಿರಲಿಲ್ಲ. ಆಮೇಲೆ ಪ್ರತಿ ಮನೆಯಲ್ಲೂ ಹೀಗೇ ನಡೆಯಿತು. ದಿನಕ್ಕೆ ಅದೆಷ್ಟು ಬಾರಿ ನನ್ನ ಊಟ ಆಯಿತೋ ಲೆಕ್ಕವಿಲ್ಲ.

ಅವರಲ್ಲಿ ಒಬ್ಬಾಕೆಯ ಜೊತೆ ನನಗೆ ಸ್ನೇಹ ಬೆಳೆಯಿತು. ಅವಳು ತನ್ನ ಊರಿನ ಹೆಂಗಸರ ಸಂಘದ ಮುಖಂಡೆ. ಯಾರ ಫೋನ್ ಹತ್ತದಿದ್ದರೂ ಅವಳಿಗೇ ಮಾಡಬೇಕಾಗಿದ್ದರಿಂದ ತಿಂಗಳಿಗೊಮ್ಮೆಯಾದರೂ ಅವಳ ದನಿ ಕೇಳುತ್ತಿತ್ತು. ಮೊದಲ ಸಲ ಮಾತಾಡಿದಾಗ ಹಿಂದಿನಿಂದ ಟಪಟಪ ಎಂದು ಒಂದೇ ಸಮ ಸದ್ದು ಬರುತ್ತಿತ್ತು. ಬಟ್ಟೆ ಒಗೆಯುತ್ತಿದ್ದೀರಾ, ಆಮೇಲೆ ಮಾಡಲಾ ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಅದು ಅವಳ ನೆಗೆಣ್ಣಿ ರೊಟ್ಟಿ ಬಡಿಯುವ ಸದ್ದು. ಡೊಂಬಿವಲಿಯಲ್ಲಿ ಹುಟ್ಟಿ ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ನನಗೆ ಜೋಳದ ರೊಟ್ಟಿ ಬಡಿಯುವ ಸದ್ದು ಎಲ್ಲಿ ಗೊತ್ತಿರಬೇಕು? ಆ ದಿನದಿಂದ ಅವಳು ನನ್ನನ್ನು ಅಕ್ಕಾರ ಎನ್ನತೊಡಗಿದಳು. ನನ್ನ ಫೋನ್ ಬಂದಾಗ, ಅರಿವಿ ಒಗ್ಯಾಕತ್ತೀವ್ರಿ ಎಂದು ಚುಡಾಯಿಸುವುದು ಅವಳ ರೂಢಿಯಾಯಿತು.

ಊಟ ಆಯ್ತಾ ಎಂದ ಮೇಲೆ ಏನು ಮಾಡಿದ್ದಿರಿ ಎಂದು ಕೇಳುವುದು ಇದ್ದೇ ಇದೆ. ಅವಳು ಖುಷಿಯಿಂದ ಹೇಳುತ್ತಿದ್ದಳು. ಒಮ್ಮೆ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ಬಿಸಿ ರೊಟ್ಟಿ ಮಾಡೇನ್ರಿ ಅಕ್ಕಾರ. ಬದ್ನಿಕಾಯಿ ಕೆಂಡದಾಗ ಸುಟ್ಟು, ಹಸಿಮೆಣಸಿನಕಾಯಿ ಹಾಕಿ ಕುಟ್ಟೇನಿ. ನೀವು ಇಲ್ಲೇ ಇದ್ದಿದ್ರ ಒಂದು ರೊಟ್ಟಿ ಹೆಚ್ಚಿಗಿ ಉಣಸ್ತಿದ್ದೆ."

ಅದಾಗಿ ಸ್ವಲ್ಪ ಹೊತ್ತಿಗೆ ನಾನು ಪ್ರಶ್ನೆಗೆ ಬಂದು, ನಿನ್ನೆ ಹಳೆ ಒಲೆ ಹಚ್ಚಿದಿರಾ ಎಂದು ಕೇಳಿದೆ. ಇಲ್ರೀ ಎಂದಳು. ನಾನು ಇಲ್ಲ ಎಂದು ಒತ್ತಿದೆ. ಗುಂಡಿ ಒತ್ತಿದ ಮೇಲೆ ನನಗೆ ಹೊಳೆಯಿತು. ತಗಡಿನ ಒಲೆಯ ಬಾಯಿ ಚಿಕ್ಕದು, ಅದರಿಂದ ಕೆಂಡ ಹೊರಗೆಳೆಯಲು ಬರುವುದಿಲ್ಲ. ಕೆಂಡವಿಲ್ಲದೆ ಬದನೆಕಾಯಿ ಹೇಗೆ ಸುಟ್ಟಳು?

ಮುಂದಿನ ಸಲ ಸುಮ್ಮನೆ ಹರಟುವಂತೆ ವಿಚಾರಿಸಿದೆ. ಅವಳು ಮುಚ್ಚಿಡಲಿಲ್ಲ. ಹೊಸ ಒಲೆ ಚೊಲೋ ಇದೆ, ಅನ್ನ, ಸಾರು, ಚಹಾ ಎಲ್ಲ ಅದರಲ್ಲೇ, ಕಣ್ಣಲ್ಲಿ ನೀರು ಬರುವುದು ನಿಂತಿದೆ ಎಂದಳು. ರೊಟ್ಟಿ ಮಾತ್ರ ಅದರಲ್ಲಿ ಉಬ್ಬುವುದಿಲ್ಲವಂತೆ. ಅಗಲದ ಹಂಚಿಗೆ ಅಗಲದ ಉರಿ ಬೇಕು, ಕೊನೆಗೆ ಕೆಂಡದ ಬದಿಗೆ ನಿಲ್ಲಿಸಿ ಸುಡಬೇಕು. ಅದಕ್ಕೆ ಊರಿನವರೆಲ್ಲ ರೊಟ್ಟಿಯ ಹೊತ್ತಿಗೆ ಮಾತ್ರ ಹಳೆ ಒಲೆ ಹಚ್ಚುತ್ತಾರೆ. ಮತ್ತೆ ಇಲ್ಲ ಎಂದು ಯಾಕೆ ಹೇಳುತ್ತೀರಿ ಎಂದೆ. ಪುಕ್ಕಟೆ ಒಲೆ ಕೊಟ್ಟವರು ಅಷ್ಟು ದೂರದಿಂದ ಫೋನ್ ಮಾಡಿ ಕೇಳುವಾಗ, ನಿಮ್ಮ ಒಲೆಯಲ್ಲಿ ಕೊರತೆ ಇದೆ ಎಂದು ಮುಖಕ್ಕೆ ಹೇಳುವುದು ಹೇಗೆ ಎಂದು ಅವಳೇ ನನ್ನನ್ನು ಕೇಳಿದಳು.

ಇನ್ನೊಂದು ಸಂಗತಿಯೂ ಇತ್ತು, ಅದೇ ದೊಡ್ಡದು. ಒಲೆಯ ಜೊತೆಗೆ ಆ ಊರಿಗೆ ಒಂದು ನೀರು ಶುದ್ಧ ಮಾಡುವ ಘಟಕ ಕೊಟ್ಟಿದ್ದರು. ಊರು ಯೋಜನೆಯಲ್ಲಿ ಇರುವವರೆಗೆ ಅದರ ದುರಸ್ತಿ, ಫಿಲ್ಟರು ಎಲ್ಲ ಕಂಪನಿಯದು. ಊರು ಕೈಬಿಟ್ಟರೆ ಅದೂ ಹೋಗುತ್ತದೆ. ಅಲ್ಲಿಯ ಬೋರಿನ ನೀರು ಸವಳು. ಆ ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಬೇಯುತ್ತಿರಲಿಲ್ಲವಂತೆ; ಮಧ್ಯಾಹ್ನದ ಸಾರಿಗೆ ಬೆಳಗಿನಿಂದ ಕಟ್ಟಿಗೆ ತುರುಕಬೇಕಿತ್ತಂತೆ. ಘಟಕ ಬಂದ ಮೇಲೆ ಬೇಳೆ ಬೇಗ ಬೇಯುತ್ತದೆ, ಅವಳ ಅತ್ತೆಯ ಹೊಟ್ಟೆನೋವೂ ಕಡಿಮೆಯಾಗಿದೆ. ನೀರಿನ ವಿಷಯ ಬಂದಾಗ ಅವಳು ಚುಡಾಯಿಸುತ್ತಿರಲಿಲ್ಲ. ಅದು ನಿಲ್ಲದಂತೆ ನೋಡಿಕೊಳ್ಳಿ ಎಂದು ನನಗೆ ಹೇಳುತ್ತಿದ್ದಳು, ಅದೇನೋ ಎಲ್ಲ ನನ್ನ ಕೈಯಲ್ಲಿದೆ ಎಂಬಂತೆ.

ನನ್ನ ಕೈಯಲ್ಲಿ ಏನಿತ್ತು? ಹೌದು, ಇಲ್ಲ ಎಂಬ ಎರಡು ಗುಂಡಿ. ಹೊಗೆ ಹೊಗೆಯೇ ಎನ್ನುವುದು ನನಗೂ ಗೊತ್ತು. ರೊಟ್ಟಿಯ ಹೊಗೆ ಆಕಾಶಕ್ಕೆ ಹೋಗಿ ಹೂವಾಗುವುದಿಲ್ಲ. ಆದರೂ ಸಂಜೆಯ ಗಾಡಿಯಲ್ಲಿ ಕಿಟಕಿಗೆ ಒರಗಿ ನಿಂತಾಗ ನನಗೆ ಸಿಟ್ಟು ಏರುತ್ತಿತ್ತು. ಒಬ್ಬ ಹೆಂಗಸು ಬದನೆಕಾಯಿ ಸುಡಲು ಇಷ್ಟು ಕಟ್ಟಿಗೆ ಹಚ್ಚಿದರೆ ಎರಡು ದೇಶದ ಜನ ಕೂತು ಲೆಕ್ಕ ಹಾಕುತ್ತಾರೆ. ಸಮುದ್ರದ ಮೇಲೆ ರಜೆಗೆ ಹಾರುವವನ ಲೆಕ್ಕ ಟಿಕೆಟ್ಟಿನ ಜೊತೆಗೇ ಚುಕ್ತಾ ಆಗಿರುತ್ತದೆ. ಇಡೀ ಜೀವಮಾನದಲ್ಲಿ ವಿಮಾನ ಹತ್ತದವಳು ತನ್ನ ಒಲೆಯ ಬಗ್ಗೆ ಉತ್ತರ ಕೊಡಬೇಕು, ಹತ್ತಿದವನು ನಿದ್ದೆ ಮಾಡಬಹುದು. ಮಳೆ ಕೈಕೊಟ್ಟು ಬೋರು ಬತ್ತುವುದು ಮಾತ್ರ ಅವಳ ಊರಿನಲ್ಲಿ. ಡೊಂಬಿವಲಿಯಲ್ಲಿ ಇಳಿದರೆ ಕಾರ್ಖಾನೆಗಳ ಕಡೆಯಿಂದ ಗಾಳಿಯ ಜೊತೆ ಆ ಹಳೆಯ ಘಾಟು ಬರುತ್ತಿತ್ತು. ಕೆಲವು ದಿನ ಗಂಟಲು ಹಿಡಿಯುವಷ್ಟು. ನಿಮ್ಮ ಕಿಟಕಿಗೆ ಇವತ್ತು ಯಾವ ಹೊಗೆ ಬಂತು ಎಂದು ಕೇಳಲು ನನಗೆ ಯಾವ ದೇಶದಿಂದಲೂ ಫೋನ್ ಬಂದಿಲ್ಲ. ನಾನು ಕಿಟಕಿ ಹಾಕಿ ಮಲಗುತ್ತಿದ್ದೆ.

ಒಂದು ಮಧ್ಯಾಹ್ನ ಸೂಪರ್‌ವೈಸರ್ ನನ್ನನ್ನು ಚಹಾದ ನೆವದಲ್ಲಿ ಹೊರಗೆ ಕರೆದ. ಗೇಟಿನ ಹೊರಗಿನ ಚಹಾ ಟಪರಿಯಲ್ಲಿ ನಿಂತು, ಅತ್ತಿತ್ತ ನೋಡಿ ವಿಷಯ ಹೇಳಿದ. ನಮ್ಮ ಕರೆಗಳೆಲ್ಲ ಮೊದಲಿನಿಂದಲೂ ರೆಕಾರ್ಡ್ ಆಗುತ್ತಿದ್ದವು, ಆದರೆ ಯಾರೂ ಕೇಳುತ್ತಿರಲಿಲ್ಲ. ಮುಂದಿನ ತಿಂಗಳಿನಿಂದ ಒಲೆಯ ಖರ್ಚು ಕೊಟ್ಟ ದೇಶದವರು ಯಂತ್ರದಿಂದ ತರ್ಜುಮೆ ಮಾಡಿಸಿ ಒಂದೊಂದು ಮಾತನ್ನೂ ಓದಲಿದ್ದಾರೆ. ಹಳೆ ಒಲೆ ಹಚ್ಚುವ ಮನೆಗಳು ಹೆಚ್ಚು ಕಂಡ ಊರನ್ನು ಯೋಜನೆಯಿಂದ ತೆಗೆಯುತ್ತಾರೆ. ಅದಕ್ಕೆ ಮೊದಲು ತಾನೇ ಒಮ್ಮೆ ಕೇಳಿ ನೋಡೋಣ ಎಂದು ಅವನು ನನ್ನ ಕೆಲವು ಕರೆಗಳನ್ನು ಕಿವಿಗೆ ಹಾಕಿಕೊಂಡಿದ್ದ. ಅವನ ಮನೆಯಲ್ಲಿ ಅಜ್ಜಿ ಕನ್ನಡ ಮಾತಾಡುತ್ತಿದ್ದರಂತೆ, ಎಲ್ಲ ಅರ್ಥವಾಯಿತಂತೆ. ಬದನೆಕಾಯಿಯೂ ಅರ್ಥವಾಗಿತ್ತು.

ಪ್ರಶ್ನೆ ಕೇಳಿದರೆ ಅವರು ಇಲ್ಲ ಎನ್ನುತ್ತಾರೆ, ಊಟ ಕೇಳಿದರೆ ಎಲ್ಲ ಹೇಳಿಬಿಡುತ್ತಾರೆ ಎಂದು ಅವನೆಂದ. ಆಮೇಲೆ ಚಹಾದ ಗ್ಲಾಸು ಕೆಳಗಿಟ್ಟು ಮೆಲ್ಲಗೆ, "ಮ್ಯಾಡಮ್, ಖಾನಾ ಮತ್ ಪೂಛಿಯೇ. ಊಟ... ಬೇಡ" ಎಂದ. ಅವನ ಬಾಯಿಂದ ನಾನು ಕೇಳಿದ ಕನ್ನಡ ಅಷ್ಟೇ. ಹಳೆಯದನ್ನು ಯಾರಿಗೂ ಹೇಳುವುದಿಲ್ಲ ಎಂದೂ ಭರವಸೆ ಕೊಟ್ಟ. ಒಳ್ಳೆಯ ಹುಡುಗ. ನಾನು ಅವನ ಮೇಲೆ ಸಿಟ್ಟು ಮಾಡಬೇಕೆಂದರೂ ಆಗಲಿಲ್ಲ.

ಆ ಸಂಜೆ ಥಾಣೆಯ ಸೇತುವೆಯ ಮೇಲೆ ಗಾಡಿ ಬಿಟ್ಟು ಗಾಡಿ ಹೋದರೂ ನಾನು ನಿಂತೇ ಇದ್ದೆ. ನಿಜ ಹೊರಬಿದ್ದರೆ ಅವಳ ಊರಿನ ನೀರು ನಿಲ್ಲುತ್ತದೆ, ಬೇಳೆಗೆ ಮತ್ತೆ ಬೆಳಗಿನಿಂದ ಕಟ್ಟಿಗೆ ಉರಿಯುತ್ತದೆ. ಅಂದರೆ ಹೊಗೆ ಕಡಿಮೆ ಮಾಡಲು ಹೊರಟವರೇ ಹೊಗೆ ಹೆಚ್ಚಿಸುತ್ತಾರೆ. ನಿಜ ಮುಚ್ಚಿಟ್ಟರೆ ಅಲ್ಲಿ ವಿಮಾನ ಹಾರುತ್ತದೆ. ವಿಮಾನ ಹೇಗೂ ಹಾರುತ್ತದೆ. ಇದರಲ್ಲಿ ಯೋಚಿಸುವಂಥದ್ದು ನಿಜಕ್ಕೂ ಏನೂ ಇರಲಿಲ್ಲ. ನಾನು ಅಷ್ಟು ಹೊತ್ತು ನಿಂತದ್ದು ಬೇರೆ ಕಾರಣಕ್ಕೆ, ಮತ್ತು ಆ ಕಾರಣ ನನಗೇ ನಾಚಿಕೆ ತರಿಸುವಷ್ಟು ಚಿಕ್ಕದು. ನಾನು ಊಟ ಕೇಳದಿದ್ದರೆ ನನ್ನ ಊಟವನ್ನು ಕೇಳುವವರು ಯಾರು?

ಮುಂದಿನ ತಿಂಗಳಿನಿಂದ ನಾನು ಕೇಳಲಿಲ್ಲ. ನಮಸ್ಕಾರ, ಕಂಪನಿಯ ಹೆಸರು, ಪ್ರಶ್ನೆ, ಹೌದು, ಇಲ್ಲ, ಧನ್ಯವಾದ. ದಿನಕ್ಕೆ ಮೊದಲಿಗಿಂತ ಹೆಚ್ಚು ಕರೆಗಳು ಮುಗಿಯತೊಡಗಿದವು. ಪರದೆಯ ಮೇಲೆ ನನ್ನ ಹೆಸರಿನ ಎದುರು ಹಸಿರು ನಕ್ಷತ್ರ ಬಂತು. ಆ ಕಡೆಯ ಹೆಂಗಸರು ಮೊದಲು ಸ್ವಲ್ಪ ತಡವರಿಸಿದರು, ಆಮೇಲೆ ಅವರೂ ಬಿಗಿಯಾದರು. ಕೆಲವರು ಬೇರೆ ಯಾರೋ ಬಂದಿದ್ದಾರೆ ಎಂದುಕೊಂಡು, ಮೊದಲಿನ ಅಕ್ಕ ಬಿಟ್ಟು ಹೋದರೇ ಎಂದು ವಿಚಾರಿಸಿದರು. ನಾನೇ ಅವಳು ಎನ್ನದೆ ಮುಂದಿನ ಪ್ರಶ್ನೆ ಓದಿದೆ. ಆ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾತಾಡಿಯೂ ನಾನು ಯಾರ ಜೊತೆಯೂ ಮಾತಾಡದೆ ಮನೆಗೆ ಬರುತ್ತಿದ್ದೆ. ಅಮ್ಮ ಹೋದ ಮೇಲಿನ ಮೊದಲ ತಿಂಗಳುಗಳಲ್ಲಿ ಕೂಡ ಮನೆ ಇಷ್ಟು ಖಾಲಿ ಎನಿಸಿರಲಿಲ್ಲ.

ಆ ಊರಿಗೆ ಕರೆ ಮಾಡುವ ಸರದಿ ಬಂತು. ಬೇಸಿಗೆ ಏರಿತ್ತು. ಅವಳು ಎಂದಿನಂತೆ, ಅರಿವಿ ಒಗ್ಯಾಕತ್ತೀವ್ರಿ ಅಕ್ಕಾರ ಎಂದಳು. ಹಿಂದಿನಿಂದ ಟಪಟಪ ಕೇಳುತ್ತಿತ್ತು. ಆ ಸದ್ದು ಕೇಳುವ ಯಂತ್ರಕ್ಕೆ ರೊಟ್ಟಿ ಗೊತ್ತಿರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು, ನಗದೆ, ನಿಯಮದ ಪ್ರಕಾರ ಕಂಪನಿಯ ಹೆಸರು ಹೇಳಿದೆ. ಹೊಸ ಒಲೆ ಚೆನ್ನಾಗಿದೆಯೇ? ಹೌದ್ರಿ. ದಿನವೂ ಬಳಸುತ್ತೀರಾ? ಹೌದ್ರಿ. ನಿನ್ನೆ ಹಳೆ ಒಲೆ ಹಚ್ಚಿದಿರಾ? ಇಲ್ರಿ. ನಾನು ಗುಂಡಿ ಒತ್ತಿ ಧನ್ಯವಾದ ಎಂದೆ.

"ಮುಗದ್ವೇನ್ರಿ?" ಎಂದಳು ಅವಳು. "ಒಂದ ಬಿಟ್ಟೀರಲ್ರಿ."

ಇರುವುದು ಇಷ್ಟೇ, ಬೇರೆ ಕೇಳುವಂತಿಲ್ಲ ಎಂದೆ. ಕೇಳುವಂತಿಲ್ಲ ಎಂಬ ಮಾತು ಅವಳಿಗೆ ಸಾಕಾಯಿತು. ಊರಿನ ಸಂಘ ನಡೆಸುವವಳು, ಯಾವ ಮಾತನ್ನು ಎಲ್ಲಿ ಆಡಬಾರದು ಎನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ನನ್ನದೇ ಧಾಟಿಯಲ್ಲಿ, ನಾನು ಪ್ರಶ್ನೆ ಓದುವಷ್ಟೇ ಒಣಗಿದ ದನಿ ಮಾಡಿಕೊಂಡು ಶುರುಮಾಡಿದಳು.

"ಹಂಗಾರ ಈಗ ನಾ ಕೇಳ್ತೀನ್ರಿ, ಹೌದು ಇಲ್ಲ ಅಷ್ಟ ಹೇಳ್ರಿ. ನಿಮ್ಮ ಮನ್ಯಾಗ ಇವತ್ತ ಒಲಿ ಹಚ್ಚೀರೇನ್ರಿ?"

ತಮಾಷೆ ಎಂದು ಗೊತ್ತಿತ್ತು. ಊಟ ಆಯ್ತಾ ಎಂದು ಕೇಳಿದ್ದರೆ ಆಯ್ತು ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಒಲೆಯ ಪ್ರಶ್ನೆಗೆ ನನ್ನ ಹತ್ತಿರ ತಯಾರಾದ ಉತ್ತರ ಇರಲಿಲ್ಲ. ಅಷ್ಟು ದಿನ ಎಲ್ಲರನ್ನೂ ಕೇಳಿದ್ದೆ, ನನ್ನನ್ನು ಯಾರೂ ಕೇಳಿರಲಿಲ್ಲ.

"ಇಲ್ಲ" ಎಂದೆ.

"ನಿನ್ನಿ?"

"ಇಲ್ಲ."

"ಮೊನ್ನಿ?"

ನೆನಪಾಗಲಿಲ್ಲ. ಕೊನೆಯದಾಗಿ ಯಾವಾಗ ಗ್ಯಾಸು ಹಚ್ಚಿದೆ, ಏನು ಬೇಯಿಸಿದೆ ಎಂದು ಎಷ್ಟು ತಡಕಿದರೂ ಸಿಗಲಿಲ್ಲ. ಹಳೆ ಒಲೆಯೂ ಇಲ್ಲ, ಹೊಸ ಒಲೆಯೂ ಇಲ್ಲ, ಕಟ್ಟಿಗೆ ಇಲ್ಲ, ಹೊಗೆ ಇಲ್ಲ. ನಮ್ಮ ಕಂಪನಿಯ ಲೆಕ್ಕದಲ್ಲಿ ನನ್ನದಕ್ಕಿಂತ ಉತ್ತಮವಾದ ಮನೆ ಈ ಭೂಮಿಯ ಮೇಲೆ ಇರಲಿಕ್ಕಿಲ್ಲ. ಆ ಕಡೆ ರೊಟ್ಟಿಯ ಸದ್ದು ನಿಂತಿತ್ತು. ಅವಳ ದನಿಯಲ್ಲಿದ್ದ ತಮಾಷೆಯೂ ಹೋಗಿತ್ತು.

"ಹಚ್ಚರಿ ಅಕ್ಕಾರ" ಎಂದಳು. "ನಿಮಗ್ಯಾರ ಬ್ಯಾಡ ಅಂದಾರ?"

ನಾನು ಏನಾದರೂ ಹೇಳುವ ಮೊದಲು ಅವಳೇ ಫೋನ್ ಇಟ್ಟಳು. ಪಕ್ಕದ ಒಡಿಯಾ ಹೆಂಗಸು ನನ್ನ ಮುಖ ನೋಡಿ ನೀರಿನ ಬಾಟಲಿ ಮುಂದೆ ಚಾಚಿದಳು. ಗಾಜಿನ ಆಚೆ ಸೂಪರ್‌ವೈಸರ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ; ನನ್ನ ಕಡೆ ನೋಡಲಿಲ್ಲ. ಸಂಜೆ ಹೊರಡುವಾಗ, ಆ ಕರೆಯಲ್ಲಿ ತೊಂದರೆಯೇನಿಲ್ಲ, ಊರು ಉಳಿಯುತ್ತದೆ ಎಂದಷ್ಟೇ ಹೇಳಿದ.

ಡೊಂಬಿವಲಿ ಸ್ಟೇಷನ್ನಿನ ಹೊರಗೆ ತರಕಾರಿಯವಳು ಗೋಣಿ ಹಾಸಿ ಕೂತಿದ್ದಳು. ದುಂಡನೆಯ, ದೊಡ್ಡ ಬದನೆಕಾಯಿ ಒಂದನ್ನು ಆರಿಸಿದೆ. ಒಂದೇ ಸಾಕಾ ಎಂದಳು. ಸಾಕು ಎಂದೆ. ಮನೆಗೆ ಬಂದು ಚಪ್ಪಲಿ ಬಿಟ್ಟು, ದೀಪ ಹಾಕಿ, ಸಿಲಿಂಡರಿನ ತಿರುಪು ತಿರುಗಿಸಿದೆ. ಲೈಟರ್ ಬಹಳ ಹೊತ್ತು ಕಿಡಿ ಕೊಡಲಿಲ್ಲ. ಬೆಂಕಿಪೆಟ್ಟಿಗೆ ಹುಡುಕಿದೆ, ಅಮ್ಮ ದೇವರ ಗೂಡಿನಲ್ಲಿ ಇಟ್ಟಿದ್ದು ಇನ್ನೂ ಅಲ್ಲೇ ಇತ್ತು. ಬರ್ನರಿನ ಮೇಲೆ ಬದನೆಕಾಯಿ ಇಟ್ಟು ಇಕ್ಕಳದಿಂದ ತಿರುಗಿಸುತ್ತ ನಿಂತೆ. ಸಿಪ್ಪೆ ಕರಕಲಾಗಿ ಬಿರಿಯಿತು, ರಸ ಸುರಿದು ಚುಂಯ್ ಎಂದಿತು, ಅಡುಗೆಮನೆ ತುಂಬ ಹೊಗೆ ಎದ್ದಿತು. ಕಣ್ಣಲ್ಲಿ ನೀರು ಬಂತು. ಕಿಟಕಿ ತೆರೆದೆ. ಹೊಗೆ ಎದುರಿನ ಕಟ್ಟಡದ ಕಡೆಗೆ, ಅಲ್ಲಿಂದ ಮೇಲಕ್ಕೆ ಹೋಯಿತು. ಹಸಿಮೆಣಸು, ಉಪ್ಪು, ಅಮ್ಮನ ಕಾಲದ ಕಲ್ಲಿನಲ್ಲಿ ಕುಟ್ಟಿದೆ.

ರೊಟ್ಟಿ ನನಗೆ ಬರುವುದಿಲ್ಲ. ಅನ್ನ ಮಾಡಿದೆ. ಒಂದು ತಟ್ಟೆ ತೊಳೆದು, ನೆಲದ ಮೇಲೆ ಚಾಪೆ ಹಾಕಿ ಕೂತು, ಖಾರಕ್ಕೆ ಮೂಗು ಸೋರಿಸಿಕೊಂಡು ಎಲ್ಲ ಉಂಡೆ. ತಟ್ಟೆಯನ್ನೆಲ್ಲ ಬೆರಳಿನಲ್ಲಿ ಬಳಿದೆ. ಎದುರು ಮನೆಯ ಬಾಗಿಲಲ್ಲಿ ಚಪ್ಪಲಿಗಳ ಸದ್ದಾಯಿತು, ಬೀಗ ತೆರೆಯಿತು, ಬಾಗಿಲು ಮುಚ್ಚಿತು. ನಾನು ಕೈ ಒಣಗುವವರೆಗೆ ಹಾಗೇ ಕೂತಿದ್ದೆ. ಊಟ ಆಯ್ತಾ ಎಂದು ಯಾರಾದರೂ ಕೇಳಿದ್ದರೆ ಹೌದು ಎನ್ನುತ್ತಿದ್ದೆ.